ಕಾರಿನ ಗೇರ್ ನಾಬ್ ಬದಲಾಯಿಸ್ತೀರಾ? ಮೊದ್ಲು ಅಳತೆ, ಆಮೇಲೆ ಅಂದ

"ನನ್ನ ಕಾರಿಗೆ ಯಾವ ಗೇರ್ ನಾಬ್ ಕೂರುತ್ತೆ, ನಾನೇ ಹಾಕ್ಕೋಬಹುದಾ" ಅಂತ ಕೇಳೋರು ಜಾಸ್ತಿ ಆಗಿದ್ದಾರೆ, ಒಬ್ಬೊಬ್ರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯೋದಕ್ಕಿಂತ ಎಲ್ಲಾ ಒಂದೇ ಕಡೆ ಬರೆದಿಡೋಣ ಅನ್ನಿಸ್ತು. ಹೌದು, ನೀವೇ ಹಾಕ್ಕೋಬಹುದು. ಗೇರ್ ನಾಬ್ ಅಂದ್ರೆ ಗೇರ್ ರಾಡ್ (ಲಿವರ್ ಅಂತಲೂ ಅಂತಾರೆ) ತುದೀಲಿ ನಾವು ಕೈಲಿ ಹಿಡಿಯೋ ಗುಂಡಿ. ಸರಿಯಾದ ನಾಬ್ ಕೈಲಿದ್ರೆ ಅರ್ಧ ಗಂಟೆ ಕೆಲ್ಸ. ಆದ್ರೆ ಮುಕ್ಕಾಲು ಪಾಲು ಜನ ಫೋಟೋ ನೋಡಿ ಇಷ್ಟಪಟ್ಟು ಮೊದ್ಲು ತಗೊಂಡ್ಬಿಡ್ತಾರೆ, ಆಮೇಲೆ ಅದು ರಾಡ್‌ಗೆ ಕೂರಲ್ಲ, ಆಗ ಅಂಗಡಿಯವ್ರು ಒಂದು ಅಡಾಪ್ಟರ್ (ರಾಡಿಗೂ ನಾಬಿಗೂ ನಡುವೆ ಹಾಕೋ ಕೊಳವೆ) ತುರುಕಿ ಮೂರು ಸಣ್ಣ ಸ್ಕ್ರೂ ಬಿಗಿದು ಕಳಿಸ್ತಾರೆ. ಅದು ಎಷ್ಟು ದಿನ ನಿಲ್ಲುತ್ತೆ ಅನ್ನೋದಕ್ಕೆ ಗ್ಯಾರಂಟಿ ಇಲ್ಲ. ನನಗೆ ಶಿರಾಡಿ ಘಾಟ್ ಇಳೀವಾಗ 3ನೇ ಗೇರ್‌ನಿಂದ 2ಕ್ಕೆ ಎಳೆದಾಗ ನಾಬ್ ಕೈಗೇ ಬಂದಿತ್ತು, ಹಿಂದೆ ಟ್ಯಾಂಕರ್ ಇತ್ತು, ಬರೀ ರಾಡ್ ತುದಿ ಹಿಡ್ಕೊಂಡೇ ಗೇರ್ ಹಾಕಿ ಪಕ್ಕಕ್ಕೆ ಬಂದೆ. ಅವತ್ತಿಂದ ನಾನು ಹೇಳೋದು ಒಂದೇ, ನಾಬ್ ಚೆನ್ನಾಗಿ ಕಾಣೋದು ಆಮೇಲೆ, ಮೊದ್ಲು ಅದು ಯಾವ ಕಾರಣಕ್ಕೂ ಕಳಚ್ಕೊಂಡು ಬರಬಾರ್ದು.

ಇದೆಲ್ಲಾ ಮ್ಯಾನುಯಲ್ ಗೇರ್ ಕಾರುಗಳಿಗೆ ಮಾತ್ರ. ಆಟೋಮ್ಯಾಟಿಕ್ ಕಾರುಗಳಲ್ಲಿ ನಾಬ್ ಒಳಗೆ ಲಾಕ್ ಬಟನ್ ಇರುತ್ತೆ, ಕೆಲವದ್ರಲ್ಲಿ ವೈರ್ ಕೂಡ ಹೋಗಿರುತ್ತೆ. ಅದನ್ನ ಮನೇಲಿ ಬಿಚ್ಚೋಕೆ ಹೋಗ್ಬೇಡಿ.

ಹಂತ 1: ನಿಮ್ಮ ನಾಬ್ ಯಾವ ಥರ ಕೂತಿದೆ ಅಂತ ನೋಡಿ

ದುಡ್ಡು ಖರ್ಚು ಮಾಡೋಕೆ ಮುಂಚೆ ಕಾರಲ್ಲಿ ಕೂತು ಹತ್ತು ನಿಮಿಷ ಇದನ್ನ ನೋಡಿ. ನಾಬ್ ಕೂರೋದು ಮುಖ್ಯವಾಗಿ ಎರಡು ಥರ.

ಒಂದು, ತಿರುಗಿಸಿ ಕೂರಿಸೋದು. ರಾಡ್ ತುದೀಲಿ ಬೋಲ್ಟ್‌ಗೆ ಇರೋ ಹಾಗೆ ಥ್ರೆಡ್ ಇರುತ್ತೆ, ಅಂದ್ರೆ ಸುರುಳಿ ಗೆರೆ. ನಾಬ್ ಒಳಗೆ ನಟ್‌ನಲ್ಲಿ ಇರೋ ಥರ ಅದೇ ಅಳತೆ ಥ್ರೆಡ್. ಜಪಾನಿನ ಕಂಪನಿಗಳ ಕಾರುಗಳಲ್ಲಿ ಇದೇ ಹೆಚ್ಚು. ನಾಬ್ ಹಾಕೋರಿಗೆ ಇದು ಸುಲಭದ ದಾರಿ.

ಇನ್ನೊಂದು, ಒತ್ತಿ ಕೂರಿಸೋದು. ರಾಡ್ ನುಣ್ಣಗಿರುತ್ತೆ, ಥ್ರೆಡ್ಡೇ ಇರಲ್ಲ, ನಾಬ್‌ನ ಮೇಲಿಂದ ಒತ್ತಿ ಕೆಳಗಡೆ ಒಂದು ಲೋಹದ ಕ್ಲಿಪ್ ಹಾಕಿ ಹಿಸುಕಿರ್ತಾರೆ. ಫೋಕ್ಸ್‌ವ್ಯಾಗನ್ ಪೋಲೋ, ವೆಂಟೋ, ಸ್ಕೋಡಾ ರ‍್ಯಾಪಿಡ್ ಇರೋರು ಇದನ್ನೇ ನೋಡ್ತೀರಿ. ಇವುಗಳಲ್ಲಿ ನಾಬು, ಬೂಟು ಎರಡೂ ಸೇರಿ ಒಂದೇ ಪೀಸ್. ಬೂಟ್ ಅಂದ್ರೆ ಗೇರ್ ರಾಡ್ ಸುತ್ತ ಪಂಚೆ ಉಟ್ಟಂಗೆ ನೆರಿಗೆ ನೆರಿಗೆಯಾಗಿ ಇರುತ್ತಲ್ಲ, ಆ ಲೆದರ್ ಅಥವಾ ರೆಕ್ಸಿನ್ ಕವರ್.

ಯಾವ ಥರ ಅಂತ ತಿಳಿಯೋಕೆ ಬೂಟ್ ಮೇಲ್ಗಡೆ ತುದೀನ ನಾಬ್ ಬುಡದಿಂದ ಸ್ವಲ್ಪ ಕೆಳಗೆ ಎಳೆದು ಟಾರ್ಚ್ ಬಿಟ್ಟು ನೋಡಿ. ಥ್ರೆಡ್ಡೋ ನಟ್ಟೋ ಕಂಡ್ರೆ ಮೊದಲನೇ ಥರ, ಕ್ಲಿಪ್ ಕಂಡ್ರೆ ಎರಡನೇದು.

ಇಲ್ಲೇ ಇನ್ನೊಂದು ವಿಷ್ಯ ನೋಡ್ಕೊಳ್ಳಿ, ರಿವರ್ಸ್ ಹೇಗೆ ಬೀಳುತ್ತೆ? ಡಸ್ಟರ್, 6 ಗೇರಿನ ಕ್ರೆಟಾ ಥರದ ಕಾರುಗಳಲ್ಲಿ ನಾಬ್ ಕೆಳಗೆ ಒಂದು ರಿಂಗ್ ಇರುತ್ತೆ, ಅದನ್ನ ಬೆರಳಲ್ಲಿ ಮೇಲೆ ಎತ್ತಿದ್ರೇನೇ ರಿವರ್ಸ್ ಬೀಳೋದು. ಇಂಥ ಕಾರಿಗೆ ಸುಮ್ನೆ ಒಂದು ಗುಂಡು ನಾಬ್ ತಂದು ಹಾಕಿದ್ರೆ ರಿಂಗ್ ಎತ್ತೋಕೆ ಜಾಗವೇ ಇರಲ್ಲ, ಮನೆ ಮುಂದೆ ನಿಂತ್ಕೊಂಡು ರಿವರ್ಸ್ ಬೀಳ್ತಿಲ್ಲ ಅಂತ ಒದ್ದಾಡ್ಬೇಕಾಗುತ್ತೆ. ರಿಂಗ್ ಹಾಗೇ ಉಳಿಸ್ಕೊಳ್ಳೋ ನಾಬ್ ನಿಮ್ಮ ಮಾಡೆಲ್‌ಗೇ ಅಂತ ಸಿಕ್ಕಿದ್ರೆ ಮಾತ್ರ ಕೈ ಹಾಕಿ, ಇಲ್ಲಾಂದ್ರೆ ಬಿಟ್ಬಿಡಿ. ಪೋಲೋದಲ್ಲಿ ರಿಂಗ್ ಇಲ್ಲ, ಇಡೀ ಲಿವರನ್ನೇ ಕೆಳಗೆ ಒತ್ತಿ ರಿವರ್ಸ್ ಹಾಕ್ಬೇಕು, ಹಾಗಾಗಿ ಅಲ್ಲಿ ನಾಬ್ ಕೆಳಗೆ ಜಾರದ ಹಾಗೆ ಗಟ್ಟಿಯಾಗಿ ಕೂತಿರ್ಬೇಕು.

ಹಂತ 2: ಥ್ರೆಡ್ ಅಳತೆ

ಜನ ಹೆಚ್ಚು ತಪ್ಪು ಮಾಡೋದೇ ಇಲ್ಲಿ, ಅದಕ್ಕೆ ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಥ್ರೆಡ್ ಅಳತೇಲಿ ಎರಡು ನಂಬರ್ ಇರುತ್ತೆ. ಎಂ10 × 1.5 ಅಂದ್ರೆ ರಾಡಿನ ದಪ್ಪ 10 ಮಿಲಿಮೀಟರ್, ಒಂದು ಸುರುಳಿ ಗೆರೆಯಿಂದ ಪಕ್ಕದ ಗೆರೆಗೆ 1.5 ಮಿಲಿಮೀಟರ್ ದೂರ. ಈ ಎರಡನೇ ನಂಬರಿಗೆ ಪಿಚ್ ಅಂತಾರೆ. ಎರಡೂ ಹೊಂದಲೇಬೇಕು, ಒಂದು ಹೊಂದಿದ್ರೆ ಸಾಲದು.

ಹೋಂಡಾದಲ್ಲಿ ಸಾಮಾನ್ಯವಾಗಿ ಎಂ10 × 1.5 ಇರುತ್ತೆ. ಟೊಯೋಟಾದ್ದೇ ಕಾರುಗಳಲ್ಲಿ ಎಂ12 × 1.25. ನಿಸ್ಸಾನ್, ಮಜ್ದಾ ಕಡೆ ಎಂ10 × 1.25 ಹೆಚ್ಚು. ಆದ್ರೆ ಬಾನೆಟ್ ಮೇಲಿರೋ ಲೋಗೋ ನೋಡಿ ತೀರ್ಮಾನ ಮಾಡ್ಬೇಡಿ, ಗ್ಲಾನ್ಜಾ ಮೇಲೆ ಟೊಯೋಟಾ ಅಂತಿದ್ರೂ ಒಳಗಡೆ ಅದು ಸುಜುಕಿಯ ಬಲೆನೋನೇ. ಯಾವ ಕಾರೇ ಆಗ್ಲಿ, ನಿಮ್ಮ ಕಾರಿನ ರಾಡನ್ನ ನೀವೇ ಅಳೀರಿ.

ಅಳೆಯೋಕೆ ನಾಬ್ ಬಿಚ್ಚಬೇಕು (ಹೇಗೆ ಅನ್ನೋದು ಹಂತ 5ರಲ್ಲಿದೆ, ಅದನ್ನ ಮೊದ್ಲು ಓದ್ಕೊಳ್ಳಿ). ವರ್ನಿಯರ್ (ದಪ್ಪ ಅಳೆಯೋ ಸಾಧನ) ಇದ್ರೆ ಥ್ರೆಡ್ ಮೇಲೆ ಹಿಡಿದು ದಪ್ಪ ನೋಡಿ. 9.8 ಹತ್ರ ತೋರಿಸಿದ್ರೆ ಅದು 10, 11.8 ಹತ್ರ ತೋರಿಸಿದ್ರೆ 12, ಥ್ರೆಡ್ ಯಾವಾಗ್ಲೂ ಹೆಸರಿಗಿಂತ ಒಂಚೂರು ಕಮ್ಮಿನೇ ಇರುತ್ತೆ. ಆಮೇಲೆ ಪಿಚ್. ಸ್ಟೀಲ್ ಸ್ಕೇಲ್ ಇಟ್ಟು ಒಂದು ಗೆರೆಯ ನೆತ್ತಿಯಿಂದ ಶುರು ಮಾಡಿ 10 ಸುತ್ತು ಎಣಿಸಿ. 12.5 ಮಿಲಿಮೀಟರ್ ಬಂದ್ರೆ ಪಿಚ್ 1.25, 15 ಬಂದ್ರೆ 1.5. ಅಷ್ಟುದ್ದ ಥ್ರೆಡ್ ಇಲ್ಲಾಂದ್ರೆ 5 ಸುತ್ತು ಎಣಿಸಿ, 6.25 ಅಥವಾ 7.5 ಬರುತ್ತೆ.

ವರ್ನಿಯರ್ ಇಲ್ವಾ? ನಟ್ ಇಟ್ಟು ನೋಡಿ, ನನಗೆ ಇದೇ ಹೆಚ್ಚು ಇಷ್ಟ. ಹಾರ್ಡ್‌ವೇರ್ ಅಂಗಡೀಲಿ ಸುಮ್ನೆ ನಟ್ ಕೊಡಿ ಅಂದ್ರೆ ಕೊಡೋದು ಸಾದಾ ಥ್ರೆಡ್‌ದು, 8ರ ನಟ್ ಪಿಚ್ 1.25, 10ರದ್ದು 1.5, 12ರದ್ದು 1.75. ಸಣ್ಣ ಪಿಚ್ ಬೇಕಂದ್ರೆ "ಫೈನ್ ಥ್ರೆಡ್, 1.25 ಪಿಚ್" ಅಂತ ಬಾಯಿಬಿಟ್ಟು ಕೇಳ್ಬೇಕು. 8, 10 ಸಾದಾ, 10 ಫೈನ್, 12 ಫೈನ್, ಇಷ್ಟು ನಟ್ ತಂದು ಒಂದೊಂದಾಗಿ ರಾಡ್‌ಗೆ ಬೆರಳಲ್ಲೇ ತಿರುಗಿಸಿ ನೋಡಿ. ಸರಿಯಾದ್ದು ಐದಾರು ಸುತ್ತು ಎಣ್ಣೆ ಹಾಕಿದಂಗೆ ಸಲೀಸಾಗಿ ಇಳಿಯುತ್ತೆ. ಮಾರುತಿ ಕಾರಿನ ಹಳೇ ವೀಲ್ ನಟ್ ಸಿಕ್ಕಿದ್ರೆ ಅದು 12 × 1.25, ಅದನ್ನೂ ಇಟ್ಟು ನೋಡ್ಬಹುದು.

ಎಚ್ಚರಿಕೆ: ಪಿಚ್ ತಪ್ಪಾಗಿದ್ರೂ ಮೊದಲ ಒಂದೆರಡು ಸುತ್ತು ಒಳಗೆ ಹೋಗುತ್ತೆ! ಆಮೇಲೆ ಬಿಗಿ ಆಗುತ್ತೆ, ಆಗ ನಾವು "ಹೊಸದಲ್ವಾ, ಟೈಟ್ ಇದೆ" ಅಂದ್ಕೊಂಡು ಜೋರಾಗಿ ತಿರುಗಿಸ್ತೀವಿ, ಅಲ್ಲಿಗೆ ನಾಬ್ ಥ್ರೆಡ್ಡೂ ಹಾಳು, ರಾಡ್ ಥ್ರೆಡ್ಡೂ ಹಾಳು. ನಾಬ್ ಹೋದ್ರೆ ಇನ್ನೊಂದು ತರಬಹುದು, ರಾಡ್ ಹೋದ್ರೆ ಕನ್ಸೋಲ್, ಅಂದ್ರೆ ಗೇರ್ ಸುತ್ತ ಇರೋ ಪ್ಲಾಸ್ಟಿಕ್ ಕವಚ, ಎಲ್ಲಾ ಬಿಚ್ಚಿ ಇಡೀ ಲಿವರ್ ಬದಲಾಯಿಸೋ ಕೆಲ್ಸ.

ಹಂತ 3: ಎಂಥ ನಾಬ್ ತಗೋಬೇಕು

ತೂಕ: ಭಾರದ ನಾಬ್ ಹಾಕಿದ್ರೆ ಗೇರ್ ಸಲೀಸಾಗಿ ಬೀಳುತ್ತೆ ಅನ್ನೋದು ನಿಜ. ಕೈಯಿಂದ ತಳ್ಳಿದಾಗ ಆ ತೂಕದ ವೇಗವೇ ಲಿವರನ್ನ ಮುಂದಕ್ಕೆ ಒಯ್ಯುತ್ತೆ, ಸಣ್ಣಪುಟ್ಟ ತಡೆ ಕೈಗೆ ಗೊತ್ತಾಗಲ್ಲ. ಆದ್ರೆ ಕ್ಲಚ್ ಸರಿಯಿಲ್ದೆ, ಗೇರ್ ಆಯಿಲ್ ಹಳೇದಾಗಿ ಗೇರ್ ಬೀಳ್ತಿಲ್ಲ ಅಂದ್ರೆ ನಾಬ್ ಅದಕ್ಕೆ ಮದ್ದಲ್ಲ, ಅದನ್ನ ಗ್ಯಾರೇಜಲ್ಲಿ ತೋರಿಸಿ. ಹಳೇ ಕಾರಲ್ಲಿ ಲಿವರ್ ಬುಷ್ (ಬುಡದಲ್ಲಿ ಲಿವರನ್ನ ಹಿಡಿದಿಡೋ ಬಳೆ) ಸವೆದು ಈಗಾಗ್ಲೇ ಅಲ್ಲಾಡ್ತಿದ್ರೆ ಭಾರದ ನಾಬಿಂದ ಅಲ್ಲಾಟ ಜಾಸ್ತಿನೇ ಆಗುತ್ತೆ. ನನ್ನ ಕೇಳಿದ್ರೆ 200ರಿಂದ 300 ಗ್ರಾಂ ಒಳಗಿನ ನಾಬ್ ದಿನನಿತ್ಯದ ಓಡಾಟಕ್ಕೆ ಸಾಕು.

ಎತ್ತರ: ಗಿಡ್ಡ ನಾಬ್ ಹಾಕಿದ್ರೆ ಕೈ ಓಡೋ ದೂರ ಕಮ್ಮಿ ಆಗುತ್ತೆ, ಆದ್ರೆ ಬಲ ಜಾಸ್ತಿ ಹಾಕ್ಬೇಕು. ಉದ್ದ ನಾಬ್‌ಗೆ ಇದರ ಉಲ್ಟಾ. ಬೆಂಗಳೂರಿನ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ 1-2-1-2 ಅಂತ ಹಾಕ್ತಾ ಕೂರೋರಿಗೆ ತೀರಾ ಗಿಡ್ಡ ನಾಬಿಂದ ಸಂಜೆ ಹೊತ್ತಿಗೆ ಮಣಿಕಟ್ಟು ನೋಯುತ್ತೆ. ಈಗಿರೋ ನಾಬ್ ಎತ್ತರ ಅಳೆದು ಹೆಚ್ಚುಕಮ್ಮಿ ಅದೇ ಎತ್ತರದ್ದು ತಗೊಳ್ಳಿ. ಗಿಡ್ಡ ಮಾಡೋಕೆ ರಾಡ್ ಕತ್ತರಿಸೋ ಯೋಚನೆ ದಯವಿಟ್ಟು ಬೇಡ.

ಯಾವುದ್ರಿಂದ ಮಾಡಿರ್ಬೇಕು ಅನ್ನೋದು ನೀವು ಕಾರ್ ಎಲ್ಲಿ ನಿಲ್ಲಿಸ್ತೀರಿ ಅನ್ನೋದ್ರ ಮೇಲಿದೆ. ಸ್ಟೀಲು, ಅಲ್ಯುಮಿನಿಯಂ ನಾಬ್ ನೋಡೋಕೆ ಚಂದ, ಆದ್ರೆ ಏಪ್ರಿಲ್-ಮೇನಲ್ಲಿ ರಾಯಚೂರು, ಕಲಬುರಗಿ ಬಿಸಿಲಲ್ಲಿ ಎರಡು ಗಂಟೆ ನಿಲ್ಲಿಸಿ ಬಂದು ಹಿಡಿದು ನೋಡಿ, ಒಲೆ ಮೇಲಿನ ಪಾತ್ರೆ ಮುಟ್ಟಿದಂಗೆ ಕೈ ಹಿಂದಕ್ಕೆ ಬರುತ್ತೆ. ನೆರಳಲ್ಲಿ ನಿಲ್ಲಿಸೋರಿಗೆ ಪರವಾಗಿಲ್ಲ. ಬಿಸಿಲಲ್ಲೇ ನಿಲ್ಲಿಸೋರು ಡೆಲ್ರಿನ್ ನೋಡಿ, ಅದು ಗಟ್ಟಿ ಜಾತಿಯ ಪ್ಲಾಸ್ಟಿಕ್, ಲೋಹದಷ್ಟು ಕೈ ಸುಡಲ್ಲ, ಬೇಗ ಸವೆಯಲ್ಲ. ಲೆದರ್ ಸುತ್ತಿದ್ದೂ ಒಳ್ಳೇದೇ, ಆದ್ರೆ ಕರಾವಳಿ ಕಡೆಯವ್ರು ಬೆವರಿಗೆ ಲೆದರ್ ಜಿಡ್ಡು ಹಿಡಿಯೋದನ್ನ ಒರೆಸ್ಕೊಂಡು ಇರ್ಬೇಕು. ಪಾರದರ್ಶಕ ಗಾಜಿನ, ಕ್ರಿಸ್ಟಲ್ ಗುಂಡು ನಾಬ್ ಬೇಡ ಅಂತ ಖಡಾಖಂಡಿತವಾಗಿ ಹೇಳ್ತೀನಿ, ಅದು ಭೂತಗನ್ನಡಿ ಥರ ಬಿಸಿಲನ್ನ ಒಂದೇ ಕಡೆ ಕೂಡಿಸುತ್ತೆ, ಸೀಟ್ ಬಟ್ಟೆ ಸುಡೋ ಸಾಧ್ಯತೆ ಇದೆ.

ಗೇರ್ ನಕ್ಷೆ: ನಾಬ್ ತಲೆ ಮೇಲೆ ಕೆತ್ತಿರೋ 1-2-3-4-5 ಗುರುತು ನಿಮ್ಮ ಗೇರ್‌ಬಾಕ್ಸ್‌ಗೆ ಹೊಂದ್ಬೇಕು. ಮಾರುತಿ 5 ಗೇರ್ ಕಾರುಗಳಲ್ಲಿ ರಿವರ್ಸ್ ಬಲಗಡೆ ಕೆಳಗೆ, ಪೋಲೋದಲ್ಲಿ ಎಡಗಡೆ ಮೇಲೆ. ನಿಮಗೆ ಅಭ್ಯಾಸ ಇರುತ್ತೆ ಸರಿ, ಆದ್ರೆ ತಮ್ಮನೋ, ಮೆಕ್ಯಾನಿಕ್ಕೋ, ಮದುವೆ ಛತ್ರದಲ್ಲಿ ಕಾರ್ ಪಾರ್ಕ್ ಮಾಡೋ ಹುಡುಗನೋ ತಪ್ಪು ಗುರುತು ನೋಡಿ ಮುಂದಕ್ಕೆ ಹೋಗೋ ಬದ್ಲು ಹಿಂದಕ್ಕೆ ಬಂದ್ರೆ?

ಹಂತ 4: ಕೊಳ್ಳುವಾಗ

ಬೆಂಗಳೂರಲ್ಲಾದ್ರೆ ಜೆ.ಸಿ. ರೋಡ್‌ಗೆ ಹೋಗಿ, ಸಾಲು ಸಾಲು ಆಕ್ಸೆಸರಿ ಅಂಗಡಿ ಇವೆ, ಕೈಲಿ ಹಿಡಿದು ನೋಡ್ಬಹುದು. ಹೋಗುವಾಗ ನಿಮ್ಮ ರಾಡ್‌ಗೆ ಸರಿಯಾಗಿ ಕೂತ ಆ ನಟ್ ಜೇಬಲ್ಲಿರ್ಲಿ, ಜೊತೆಗೆ ಅದೇ ಅಳತೆಯ ಬೋಲ್ಟ್ ಒಂದು. ಅಂಗಡೀಲಿ ನಾಬ್ ಒಳಗೆ ಆ ಬೋಲ್ಟ್ ತಿರುಗಿಸಿ ನೋಡಿ, ಸಲೀಸಾಗಿ ಐದಾರು ಸುತ್ತು ಹೋದ್ರೆ ಅದೇ ನಿಮ್ಮ ಅಳತೆ, ಇನ್ನು ಯಾರ ಮಾತೂ ಕೇಳ್ಬೇಕಾಗಿಲ್ಲ.

ನಾಬ್ ಕೆಳಗಿಂದ ತಿರುಗಿಸಿ ಥ್ರೆಡ್ ನೋಡಿ. ಹಿತ್ತಾಳೆ ಅಥವಾ ಸ್ಟೀಲಿನ ಥ್ರೆಡ್ ಇದ್ರೆ ಒಳ್ಳೇದು. ಬರೀ ಪ್ಲಾಸ್ಟಿಕ್‌ನಲ್ಲೇ ಥ್ರೆಡ್ ಕೊರೆದಿದ್ರೆ ಎರಡು ಮೂರು ಸಲ ಬಿಚ್ಚಿ ಹಾಕೋ ಅಷ್ಟರಲ್ಲಿ ಸ್ಲಿಪ್ ಆಗುತ್ತೆ. ಮುಗೆನ್, ಟಿಆರ್‌ಡಿ, ಮೊಮೊ ಅಂತ ದೊಡ್ಡ ಬ್ರ್ಯಾಂಡ್ ಹೆಸರು ಕೆತ್ತಿದ್ದೆಲ್ಲಾ ಅಸಲಿ ಅಲ್ಲ, ಕೆಲವು ನೂರು ರೂಪಾಯಿಗೆ ಕೊಡ್ತಿದ್ದಾರೆ ಅಂದ್ರೆ ಡೂಪ್ಲಿಕೇಟ್ ಅಂತಲೇ ಲೆಕ್ಕ. ಅದರ ಮೇಲಿನ ಕ್ರೋಮ್ ಎದ್ದು ಸಿಪ್ಪೆ ಬಂದ್ರೆ ಬ್ಲೇಡ್ ಥರ ಅಂಗೈ ಕುಯ್ಯುತ್ತೆ.

ಇನ್ನು ಯೂನಿವರ್ಸಲ್ ನಾಬ್. "ಎಲ್ಲಾ ಕಾರಿಗೂ ಆಗುತ್ತೆ" ಅಂತ ಮಾರೋದು ಇದನ್ನೇ. ಇದ್ರಲ್ಲಿ ಎರಡು ಜಾತಿ ಇದೆ, ಗೊಂದಲ ಮಾಡ್ಕೋಬೇಡಿ. 8, 10, 12 ಅಳತೆಯ ಥ್ರೆಡ್ ಇರೋ ಲೋಹದ ಅಡಾಪ್ಟರ್ ಕೊಡ್ತಾರಲ್ಲ, ಅದ್ರಲ್ಲಿ ಪಿಚ್ ಹೊಂದಿದ್ರೆ ಧಾರಾಳವಾಗಿ ತಗೊಳ್ಳಿ. ಇನ್ನೊಂದ್ರಲ್ಲಿ ರಾಡ್ ಸುತ್ತ ಒಂದು ರಬ್ಬರ್ ಅಥವಾ ಪ್ಲಾಸ್ಟಿಕ್ ಕೊಳವೆ ಹಾಕಿ ಸುತ್ತಲಿಂದ ಮೂರು ಗ್ರಬ್ ಸ್ಕ್ರೂ ಬಿಗೀತಾರೆ. ಗ್ರಬ್ ಸ್ಕ್ರೂ ಅಂದ್ರೆ ತಲೆ ಇಲ್ಲದ ಪುಟ್ಟ ಸ್ಕ್ರೂ, ಅಲೆನ್ ಕೀಲಿ ಬಿಗಿಯೋದು. ಬಿಸಿಲಿಗೆ ಆ ಕೊಳವೆ ಮೆತ್ತಗಾಗಿ, ಗೇರ್ ಹಾಕೋ ಎಳೆತಕ್ಕೆ ದಿನಾ ಒಂಚೂರು ಸಡಿಲ ಆಗ್ತಾ ಹೋಗುತ್ತೆ, ಶಿರಾಡೀಲಿ ನನ್ನ ಕೈಗೆ ಬಂದಿದ್ದು ಇದೇ ಜಾತಿ. ಥ್ರೆಡ್ ಇರೋ ರಾಡ್ ಮೇಲೆ ಇದನ್ನ ಹಾಕಿಸ್ಕೊಳ್ಳೋಕೆ ಕಾರಣವೇ ಇಲ್ಲ. ಇಷ್ಟವಾದ ನಾಬ್‌ಗೆ ಥ್ರೆಡ್ ಹೊಂದ್ತಿಲ್ಲ ಅಂದ್ರೆ ಲೇತ್ ಅಂಗಡಿಯವ್ರ ಹತ್ರ ಎರಡೂ ಅಳತೆ ಹೇಳಿ ಹಿತ್ತಾಳೇಲಿ ಒಂದು ಅಡಾಪ್ಟರ್ ಮಾಡಿಸ್ಕೊಳ್ಳಿ, ಪೀಣ್ಯದಂಥ ಕಡೆ ಇದು ದೊಡ್ಡ ಕೆಲ್ಸವೇ ಅಲ್ಲ.

ಹಂತ 5: ಹಳೇದನ್ನ ಬಿಚ್ಚೋದು

ಬೇಕಾಗಿರೋದು: ದಪ್ಪ ಬಟ್ಟೆ ಅಥವಾ ರಬ್ಬರ್ ಗ್ಲೌಸ್, ಹೇರ್ ಡ್ರೈಯರ್, ಪ್ಲಾಸ್ಟಿಕ್ ಪಟ್ಟಿ (ಹಳೇ ಎಟಿಎಂ ಕಾರ್ಡ್ ನಡೆಯುತ್ತೆ), ನಟ್ ಇದ್ರೆ ಅದಕ್ಕೆ ಹೊಂದೋ ಸ್ಪ್ಯಾನರ್, ಎರಡು ಕೇಬಲ್ ಟೈ.

ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್, ಹ್ಯಾಂಡ್ ಬ್ರೇಕ್ ಪೂರ್ತಿ, ಚಕ್ರಕ್ಕೆ ಒಂದು ಕಲ್ಲು ಕೊಡಿ. ಗೇರನ್ನ 2 ಅಥವಾ 4ಕ್ಕೆ ಎಳೆದಿಟ್ರೆ ಲಿವರ್ ಹಿಂದಕ್ಕೆ ಬಂದು ಕೆಲಸಕ್ಕೆ ಜಾಗ ಸಿಗುತ್ತೆ.

ಬೂಟ್ ಅನ್ನ ಕೆಳಗಿನ ಚೌಕಟ್ಟಿನ ಹತ್ರ ಎಟಿಎಂ ಕಾರ್ಡ್ ತೂರಿಸಿ ಮೆಲ್ಲಗೆ ಎಬ್ಬಿಸಿ, ಒಳಗೆ ಪ್ಲಾಸ್ಟಿಕ್ ಕ್ಲಿಪ್‌ಗಳಿವೆ, ಸ್ಕ್ರೂಡ್ರೈವರ್ ಹಾಕಿ ಮೀಟಿದ್ರೆ ಕನ್ಸೋಲ್ ಮೇಲೆ ಗಾಯ ಆಗುತ್ತೆ. ಆಮೇಲೆ ಬೂಟ್ ತುದೀನ ನಾಬ್‌ನಿಂದ ಬಿಡಿಸಿ ಕೆಳಗೆ ಇಳಿಸಿ. ನಾಬ್ ಅಡಿಯಲ್ಲಿ ಲಾಕ್ ನಟ್, ಅಂದ್ರೆ ನಾಬ್ ತಿರುಗದಂಗೆ ಹಿಡಿಯೋ ನಟ್, ಇದ್ರೆ ಮೊದ್ಲು ಅದನ್ನ ಸಡಿಲ ಮಾಡಿ. ಈಗ ಒಂದು ಕೈಲಿ ರಾಡ್ ಬುಡವನ್ನ ಗಟ್ಟಿಯಾಗಿ ಹಿಡ್ಕೊಂಡು ಇನ್ನೊಂದು ಕೈಲಿ ನಾಬ್‌ನ ಗಡಿಯಾರದ ಉಲ್ಟಾ ದಿಕ್ಕಿಗೆ ತಿರುಗಿಸಿ. ರಾಡ್ ಹಿಡೀದೆ ತಿರುಗಿಸಿದ್ರೆ ಆ ಬಲವೆಲ್ಲಾ ಕೆಳಗಿನ ಬುಷ್ಷು, ಕೇಬಲ್ ತುದಿ ಮೇಲೆ ಬೀಳುತ್ತೆ, ಅದು ಮುರಿದ್ರೆ ನಾಬ್ ಬೆಲೆಗಿಂತ ಎಷ್ಟೋ ಪಟ್ಟು ಖರ್ಚು.

ಜಗ್ಗಲೇ ಇಲ್ಲ ಅಂದ್ರೆ ಒಳಗೆ ಅಂಟು ಹಾಕಿರ್ತಾರೆ. ಹೇರ್ ಡ್ರೈಯರ್‌ನಿಂದ ನಾಬ್ ಬುಡಕ್ಕೆ ಐದಾರು ನಿಮಿಷ ಬಿಸಿಗಾಳಿ ಕೊಟ್ಟು ಮತ್ತೆ ನೋಡಿ. ಬೆಂಕಿ, ಲೈಟರ್ ಹತ್ರ ತರ್ಬೇಡಿ.

ಪೋಲೋ ಥರ ಒತ್ತಿ ಕೂರಿಸಿದ್ದಾದ್ರೆ ಬೂಟ್‌ನ ಒಳಗಿನದ್ದು ಹೊರಗೆ ಬರೋ ಹಾಗೆ ಮೇಲಕ್ಕೆ ಮಗುಚಿ, ಕೆಳಗಿನ ಲೋಹದ ಕ್ಲಿಪ್ ಕಾಣುತ್ತೆ, ಅದನ್ನ ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿ ನಾಬ್‌ನ ಮೇಲಕ್ಕೆ ಎಳೀರಿ. ಕ್ಲಿಪ್ ಮತ್ತೆ ಬಳಸೋಕೆ ಬರಲ್ಲ, ಹೊಸದು ಮೊದಲೇ ತಂದಿಟ್ಕೊಳ್ಳಿ. ಎಳೆಯುವಾಗ ಮುಖ ಪಕ್ಕಕ್ಕಿರ್ಲಿ! ಬರಲ್ಲ ಬರಲ್ಲ ಅಂತ ಜಗ್ಗುವಾಗ ಒಮ್ಮೆಲೇ ಕಿತ್ತು ಬರುತ್ತೆ, ಮೇಲೆ ಬಗ್ಗಿ ಕೂತಿದ್ರೆ ಹಲ್ಲಿಗೇ ಬೀಳುತ್ತೆ.

ಹಂತ 6: ಹೊಸದನ್ನ ಕೂರಿಸೋದು

ರಾಡ್ ಥ್ರೆಡ್ ಮೇಲಿನ ಹಳೇ ಅಂಟು, ಧೂಳನ್ನ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಮೊದ್ಲು ಬೂಟನ್ನ ರಾಡ್‌ಗೆ ಇಳಿಸಿ, ಇದನ್ನ ಮರೆತು ನಾಬ್ ಬಿಗಿದು ಮತ್ತೆ ಬಿಚ್ಚೋರು ಬಹಳ ಜನ. ಆಮೇಲೆ ಲಾಕ್ ನಟ್ ಹಾಕಿ ಥ್ರೆಡ್ ಕೆಳಗಿನ ತನಕ ಇಳಿಸಿ.

ನಾಬ್‌ನ ರಾಡ್ ಮೇಲಿಟ್ಟು ನೇರ ಬಿಗಿಯೋಕೆ ಹೋಗ್ಬೇಡಿ. ಮೊದ್ಲು ಉಲ್ಟಾ ಒಂದು ಸುತ್ತು ತಿರುಗಿಸಿ, "ಟಕ್" ಅಂತ ಒಂಚೂರು ಕೆಳಗೆ ಕೂತಿದ್ದು ಕೈಗೆ ಗೊತ್ತಾಗುತ್ತೆ, ಅಲ್ಲಿಂದ ಗಡಿಯಾರದ ದಿಕ್ಕಿಗೆ ಬರೀ ಬೆರಳಲ್ಲಿ ತಿರುಗಿಸಿ. ಹೀಗೆ ಮಾಡಿದ್ರೆ ಥ್ರೆಡ್ ಅಡ್ಡ ಹತ್ತಲ್ಲ. ಐದು ಸುತ್ತಾದ್ರೂ ಒಳಗೆ ಹೋಗಿರ್ಬೇಕು, ಎರಡೇ ಸುತ್ತಲ್ಲಿ ನಿಂತಿರೋ ನಾಬ್ ಮೇಲೆ ನಂಬಿಕೆ ಇಡ್ಬೇಡಿ.

ಪೂರ್ತಿ ಬಿಗಿದಾಗ ತಲೆ ಮೇಲಿನ ಗೇರ್ ಗುರುತು ಓರೆಯಾಗಿ ನಿಲ್ಲೋದು ಮಾಮೂಲಿ. ಆಗ ಗುರುತು ನೇರ ಆಗ್ಲಿ ಅಂತ ಅರ್ಧ ಸುತ್ತು ಸಡಿಲ ಬಿಟ್ಟು ಸುಮ್ನಾಗ್ತಾರೆ, ಅದೇ ತಪ್ಪು. ಗುರುತು ನೇರ ಬರೋ ಹಾಗೆ ನಾಬ್‌ನ ಹಿಡ್ಕೊಳ್ಳಿ, ಕೆಳಗಿಂದ ಲಾಕ್ ನಟ್‌ನ ಮೇಲಕ್ಕೆ ತಂದು ನಾಬ್ ಅಡಿಗೆ ಒತ್ತಿ ಸ್ಪ್ಯಾನರ್‌ನಲ್ಲಿ ಬಿಗೀರಿ. ಲಾಕ್ ನಟ್ ಅನ್ನೋ ಹತ್ತಿಪ್ಪತ್ತು ರೂಪಾಯಿ ಸಾಮಾನಿನ ಕೆಲಸವೇ ಇದು.

ಲೋಹದ ಥ್ರೆಡ್ ಆದ್ರೆ ನೀಲಿ ಬಣ್ಣದ ಥ್ರೆಡ್ ಲಾಕರ್ ಒಂದು ಹನಿ ಹಾಕ್ಬಹುದು. ಥ್ರೆಡ್ ಲಾಕರ್ ಅಂದ್ರೆ ಥ್ರೆಡ್ ಸಡಿಲ ಆಗದಂಗೆ ಹಿಡಿಯೋ ಅಂಟು, ಲಾಕ್‌ಟೈಟ್ ಹೆಸರು ಕೇಳಿರ್ತೀರಿ, ಅದ್ರಲ್ಲಿ 243 ನಂಬರಿಂದು. ಕೆಂಪು ಬೇಡವೇ ಬೇಡ, ಅದು ಕಾಯಂ ಹಿಡಿಯೋ ಅಂಥದ್ದು. ನಾಬ್ ಥ್ರೆಡ್ ಪ್ಲಾಸ್ಟಿಕ್ ಆಗಿದ್ರೆ ನೀಲೀನೂ ಬೇಡ, ಕೆಲವು ಪ್ಲಾಸ್ಟಿಕ್ ಈ ಅಂಟಿಗೆ ಬಿರುಕು ಬಿಡುತ್ತೆ, ಅದಕ್ಕೆ ನಲ್ಲಿಗೆ ಸುತ್ತೋ ಟೆಫ್ಲಾನ್ ಟೇಪ್ ಎರಡು ಸುತ್ತು ಸಾಕು. ಅಂಟು ಹಾಕಿದ್ರೆ ಆ ರಾತ್ರಿ ಕಾರ್ ಹಾಗೇ ಬಿಡಿ, ಪೂರ್ತಿ ಗಟ್ಟಿಯಾಗೋಕೆ 24 ಗಂಟೆ.

ಬೂಟ್ ತುದೀನ ಲಾಕ್ ನಟ್ ಮುಚ್ಚೋ ಹಾಗೆ ಮೇಲಕ್ಕೆ ಎಳೆದು, ಬೂಟನ್ನ ಒಳಗಿಂದ ಮಗುಚಿ ಕೇಬಲ್ ಟೈ ಹಾಕಿ ಎಳೆದು ಮತ್ತೆ ಇಳಿಸಿದ್ರೆ ಟೈ ಹೊರಗೆ ಕಾಣಲ್ಲ. ತೀರಾ ಬಿಗಿಯಾಗಿ ಎಳೀಬೇಡಿ, 1ಕ್ಕೆ ಹಾಕಿದಾಗ ಬೂಟ್ ಸೆಟೆದು ಲಿವರನ್ನ ಹಿಂದಕ್ಕೆ ಎಳೀಬಾರ್ದು.

ಹಂತ 7: ರಸ್ತೆಗಿಳಿಯೋಕೆ ಮುಂಚೆ

ಇಂಜಿನ್ ಆಫ್ ಇದ್ದಂಗೇ ಕ್ಲಚ್ ಒತ್ಕೊಂಡು ಎಲ್ಲಾ ಗೇರೂ ಹಾಕಿ ನೋಡಿ, ರಿವರ್ಸ್ ಎರಡು ಸಲ. ಬರೀ ನಾಬ್ ಅಲ್ಲ, ನಾಬ್ ಹಿಡಿದ ನಿಮ್ಮ ಮುಷ್ಟಿಗೂ ಜಾಗ ಇದೆಯಾ ನೋಡಿ. 1, 3, 5ಕ್ಕೆ ಹಾಕಿದಾಗ ಎಸಿ ಗುಂಡಿಗೆ ಬೆರಳ ಗೆಣ್ಣು ತಾಗುತ್ತಾ, 2, 4ಕ್ಕೆ ಎಳೆದಾಗ ಕಪ್ ಹೋಲ್ಡರ್‌ನಲ್ಲಿರೋ ನೀರಿನ ಬಾಟಲಿಗೆ ಹೊಡೆಯುತ್ತಾ? ಕೊನೇಗೆ ನಾಬ್‌ನ ಎರಡೂ ಕೈಲಿ ಹಿಡಿದು ಮೇಲಕ್ಕೆ ಜೋರಾಗಿ ಎಳೀರಿ, ತಿರುಗಿಸೋಕೆ ನೋಡಿ. ಕೂದಲಷ್ಟು ಅಲ್ಲಾಡಿದ್ರೂ ಮತ್ತೆ ಬಿಚ್ಚಿ ಕೂರಿಸಿ. ಆಮೇಲೆ ವಾಹನ ಕಮ್ಮಿ ಇರೋ ರಸ್ತೇಲಿ ಒಂದು ಸುತ್ತು ಹೋಗಿ ಬನ್ನಿ, ಘಾಟಿಗೋ ಹೈವೇಗೋ ಅವತ್ತೇ ತಗೊಂಡು ಹೋಗ್ಬೇಡಿ.

ಒಂದು ವಾರ ಬಿಟ್ಟು ಲಾಕ್ ನಟ್ಟಿಗೆ ಮತ್ತೊಂದ್ಸಲ ಸ್ಪ್ಯಾನರ್ ಹಾಕಿ ನೋಡಿ. ಭಾರದ ನಾಬ್ ಹಾಕಿದೋರು ಅದರ ಮೇಲೆ ಕೈ ಇಟ್ಕೊಂಡೇ ಗಾಡಿ ಓಡಿಸೋ ಅಭ್ಯಾಸ ಇದ್ರೆ ಬಿಡಿ, ಆ ಒತ್ತಡ ಗೇರ್‌ಬಾಕ್ಸ್ ಒಳಗಿನ ಸೆಲೆಕ್ಟರ್ ಫೋರ್ಕ್‌ನ, ಅಂದ್ರೆ ಗೇರನ್ನ ತಳ್ಳೋ ಕವೆಯನ್ನ, ಸವೆಸುತ್ತೆ.

ಆರ್‌ಸಿ ಪ್ರಾಬ್ಲಂ ಆಗುತ್ತಾ ಅಂತಲೂ ಕೇಳ್ತಾರೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಹೇಳೋದು ಆರ್‌ಸೀಲಿ ನಮೂದಾಗಿರೋ ವಿವರ ಬದಲಾಗೋ ಥರ ಗಾಡಿ ಮಾರ್ಪಾಡು ಮಾಡೋದ್ರ ಬಗ್ಗೆ, ಗೇರ್ ನಾಬ್ ಆರ್‌ಸೀಲಿ ಇರೋ ವಿಷಯವೇ ಅಲ್ಲ. ವಾರಂಟಿ ಇರೋ ಕಾರಿಗೆ ಗೇರ್‌ಬಾಕ್ಸ್ ತೊಂದರೆ ಬಂದ್ರೆ ಮಾತ್ರ ಸರ್ವಿಸ್‌ಗೆ ಬಿಡೋ ಮುಂಚೆ ಕಂಪನಿ ನಾಬ್ ವಾಪಸ್ ಹಾಕಿ ಬಿಡಿ, ಮಾತಿಗೆ ಮಾತು ಬೆಳೆಯಲ್ಲ. ಅದಕ್ಕೇ ಹಳೇ ನಾಬು, ಅದರ ಸ್ಪ್ರಿಂಗು, ರಬ್ಬರ್ ವಾಷರ್ ಏನಿದ್ರೂ ಒಂದು ಕವರ್‌ಗೆ ಹಾಕಿ, ಮೇಲೆ ಥ್ರೆಡ್ ಅಳತೆ ಬರೆದು ಡಿಕ್ಕೀಲಿ ಸ್ಟೆಪ್ನಿ ಪಕ್ಕ ಇಟ್ಬಿಡಿ.